ಮುಖ ಬೇಕಾದ ಕೋಟು

ಪಂಚಶೀಲಾಳ ಮುತ್ಯಾನಿಗೆ ಮುಖ ಇರಲಿಲ್ಲ. ಅಪ್ಪನ ಅಪ್ಪ ಅವನು. ಹೆಸರಿತ್ತು, ದೇವಿಂದ್ರಪ್ಪ. ಸತ್ತ ಕಾಲವೂ ಅಂದಾಜಿಗೆ ಗೊತ್ತಿತ್ತು, ಅಪ್ಪ ಇನ್ನೂ ಅಂಬೆಗಾಲಿಡುತ್ತಿದ್ದಾಗ. ಆದರೆ ಶಹಾಪುರದ ಅವರ ಓಣಿಯ ಸಮುದಾಯ ಭವನದ ಗೋಡೆಗೆ ಹೊಡೆದ ಮೊಳೆಗೆ ಹೆಸರನ್ನು ತೂಗುಹಾಕಲು ಬರುವುದಿಲ್ಲ. ಏಪ್ರಿಲ್‌ನ ಜಯಂತಿಯ ಹೊತ್ತಿಗೆ ಮನೆಗೊಬ್ಬ ಹಿರಿಯರ ಫೋಟೊ ಹಾಕಬೇಕೆಂದು ಕಮಿಟಿಯವರು ಠರಾವು ಮಾಡಿ, ಬುದ್ಧ ಮತ್ತು ಬಾಬಾಸಾಹೇಬರ ಕೆಳಗೆ ಸಾಲಾಗಿ ಮೊಳೆ ಹೊಡೆಸಿ, ಒಂದೊಂದರ ಕೆಳಗೆ ಮನೆತನದ ಹೆಸರು ಬರೆಸಿದ್ದರು. ಬೇರೆ ಎಲ್ಲ ಮೊಳೆಗಳಿಗೂ ಫೋಟೊ ಬಂದವು. ಎಲ್ಲರದೂ ಒಂದೇ ನೀಲಿ ಕೋಟು, ಒಂದೇ ಕೆಂಪು ಟೈ. ಬಸ್ ಸ್ಟ್ಯಾಂಡಿನ ಹಿಂದೆ ಸ್ಟುಡಿಯೊ ಇಟ್ಟಿರುವ ತೌಫೀಕನ ಕಂಪ್ಯೂಟರಿನಲ್ಲಿ ಆ ಕೋಟು ಯಾವಾಗಲೂ ಇರುತ್ತದೆ. ಜೀವಮಾನವಿಡೀ ಅಂಗಿಯನ್ನೇ ತೊಡದವರಿಗೂ ಅವನು ಅದನ್ನು ತೊಡಿಸುತ್ತಾನೆ. "ಮುಖ ಒಂದು ತಂದುಕೊಡ್ರಿ ಮೇಡಂ, ಉಳಿದಿದ್ದೆಲ್ಲಾ ನನ್ನ ಕಡೆ ತಯಾರ ಅದ" ಎಂದು ಅವಳಿಗೂ ಹೇಳಿದ್ದ. ಕಮಿಟಿಯ ಜೈಭೀಮ, ಶಾಲೆಯಲ್ಲಿ ಅವಳ ಜೊತೆಗೇ ಓದಿದವನು, ನಾಲ್ಕು ಮಂದಿಯ ಎದುರಿಗೆ, "ಟೀಚರ, ನಿಮ್ಮ ಮನಿದು ಮೊಳಿ ಅಷ್ಟ ಕಾಣಾಕತ್ತದ. ಏನಿಲ್ಲಂದ್ರ ಒಂದು ಕ್ಯಾಲೆಂಡರ್ ಹಾಕ್ರಿ" ಎಂದಿದ್ದ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ತಾನು ನಕ್ಕದ್ದು ಆಮೇಲೆ ಎಷ್ಟೋ ದಿನ ಅವಳನ್ನು ಕಾಡಿತು. ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿ ಪಾಠ ಮಾಡುವಾಗ, ಬೋರ್ಡಿನ ಮೇಲೆ ಬರೆಯುತ್ತ ಬರೆಯುತ್ತ, ಬಾಯಿಯ ಒಂದು ಪಕ್ಕ ಇನ್ನೂ ಹಾಗೆಯೇ ಎಳೆದುಕೊಂಡಿದೆ ಅನ್ನಿಸುತ್ತಿತ್ತು.

ಫೋಟೊ ಎಲ್ಲಿದೆ ಎಂದು ಗೊತ್ತಿದ್ದದ್ದು ಲಾಲಮ್ಮನಿಗೆ ಮಾತ್ರ. ಮುತ್ಯಾನ ತಂಗಿ, ಎಂಬತ್ತು ದಾಟಿದವಳು, ಇವರ ಮನೆಯಲ್ಲೇ ಇರುತ್ತಾಳೆ. ಅಣ್ಣನ ಮುಖ ನೋಡಿದವರಲ್ಲಿ ಜೀವಂತ ಉಳಿದವಳು ಅವಳೊಬ್ಬಳೇ. ಅಕ್ಕಿ ಆರಿಸುವಾಗ, ಕಾಲು ನೀವಿಕೊಳ್ಳುವಾಗ, "ಬೂದಿಗುಡ್ಡದ ಮಹಲಿನಾಗ ಅಣ್ಣಂದು ಫೋಟೊ ಅದ, ಚಿರತಿ ಕೂಡ ತೆಗದಾರ" ಎಂದು ಎಷ್ಟೋ ವರ್ಷದಿಂದ ಹೇಳುತ್ತಿದ್ದಳು. ಯಾರೂ ಕಿವಿಗೊಟ್ಟಿರಲಿಲ್ಲ. ಬೂದಿಗುಡ್ಡದ ದೊರೆಗಳು ಬೇಟೆಗೆಂದು ಕಟ್ಟಿಸಿದ ಮಹಲು ಅದು. ಹಲಗೆ ಬಡಿದು, ಕೂಗು ಹಾಕಿ, ಪ್ರಾಣಿಗಳನ್ನು ಅಡವಿಯಿಂದ ಎಬ್ಬಿಸಿ ಬಂದೂಕಿನ ಮುಂದಕ್ಕೆ ಅಟ್ಟುವ ಕೆಲಸ ಇವರ ಕೇರಿಯದಾಗಿತ್ತು. ಈಗ ದೊರೆಗಳ ಮೊಮ್ಮಕ್ಕಳು ಹೈದರಾಬಾದಿನಲ್ಲಿದ್ದಾರೆ, ಭಾನುವಾರ ಮಹಲಿನ ಬಾಗಿಲು ತೆಗೆಸಿ ಜನರಿಗೆ ತೋರಿಸುತ್ತಾರೆ. ಅಲ್ಲಿಗೆ ಹೋಗುತ್ತೇನೆಂದು ಪಂಚಶೀಲಾ ಅಂದಾಗ ಅಪ್ಪ ಅಯ್ಯಪ್ಪ ಪೇಪರಿನಿಂದ ತಲೆ ಎತ್ತದೆ, "ಸತ್ತು ಅರವತ್ತು ವರ್ಷಕ್ಕ ಕೋಟು ಹೊಲಸ್ತಿ ಏನು ಅವಗ" ಎಂದ. ಅಪ್ಪನಿಗೆ ತನ್ನಪ್ಪನ ಮುಖ ನೆನಪಿಲ್ಲ. ನೆನಪಿಲ್ಲದ್ದನ್ನು ಅವನು ಬೇಕು ಅನ್ನುವವನೂ ಅಲ್ಲ. ಪಂಚಶೀಲಾ ಹಾಗಲ್ಲ. ಫೆಬ್ರುವರಿಯ ಒಂದು ಭಾನುವಾರ ಲಾಲಮ್ಮನಿಗೆ ಹೊಸ ಚಪ್ಪಲಿ ಕೊಡಿಸಿ, ಸುರಪುರದ ಬಸ್ ಹತ್ತಿಸಿ, ಬೂದಿಗುಡ್ಡ ಕ್ರಾಸಿನಲ್ಲಿ ಇಳಿಸಿ, ಟಂಟಂ ಆಟೊದಲ್ಲಿ ಕೂಡಿಸಿ ಕರೆದುಕೊಂಡು ಬಂದಳು.

ಗೇಟಿನ ಒಳಗೆ ಕಾಲಿಡುವ ಮೊದಲೇ ಲಾಲಮ್ಮ ಚಪ್ಪಲಿ ಬಿಟ್ಟಳು. ಬಿಟ್ಟದ್ದಷ್ಟೇ ಅಲ್ಲ, ಅವನ್ನು ಕೈಯಲ್ಲಿ ಎತ್ತಿಕೊಂಡು ಹೋಗಿ ಬೇವಿನ ಮರದ ಹಿಂದೆ, ಮಹಲಿನ ಕಿಟಕಿಗಳಿಗೆ ಕಾಣದ ಕಡೆ ಜೋಡಿಸಿಟ್ಟಳು. "ಹಾಕ್ಕೋ ಆಯಿ, ಬಿಸಲಾಗ ಕಾಲು ಸುಡತಾವ" ಎಂದಳು ಪಂಚಶೀಲಾ. "ಇಲ್ಲಿ ಹಾಕ್ಕೋಬಾರದವ್ವ." "ಆ ಕಾಲ ಹೋತು." "ಹೋಗಲಿ ಬಿಡು, ನನಗೇನು ಸುಡವಲ್ದು" ಎಂದು ಲಾಲಮ್ಮ ಫರ್ಸಿಕಲ್ಲಿನ ಹಾಸಿನ ಅಂಚು ಹಿಡಿದು, ಕೂಸುಗಳು ಗೆರೆ ತುಳಿಯದೆ ನಡೆಯುವ ಹಾಗೆ ಮಣ್ಣಿನ ಮೇಲೆಯೇ ನಡೆದಳು. ಪಂಚಶೀಲಾ ತನ್ನ ಚಪ್ಪಲಿ ಬಿಡಲಿಲ್ಲ. ಬಸ್ಸಿನಲ್ಲಿ ಬರುವಾಗಲೇ ನಿರ್ಧರಿಸಿದ್ದಳು. ಚಪ್ಪಲಿ ಬಿಡಿರಿ ಎಂದು ಯಾರಾದರೂ ಅಂದರೆ ಏನು ಹೇಳಬೇಕು, ಯಾವ ಮಾತಿಗೆ ಯಾವ ಮಾತು, ಎಲ್ಲ ಜೋಡಿಸಿಟ್ಟುಕೊಂಡಿದ್ದಳು. ಚಾವಿಗೊಂಚಲು ಹಿಡಿದು ಮೆಟ್ಟಿಲಿಳಿದು ಬಂದ ಮನುಷ್ಯ ಅವಳ ಕಾಲಿನ ಕಡೆ ನೋಡಲೇ ಇಲ್ಲ. ಅದರಿಂದ ಅವಳಿಗೆ ನಿರಾಶೆಯಾಯಿತು. ನಿರಾಶೆಯಾದದ್ದಕ್ಕೆ ನಾಚಿಕೆಯೂ ಆಯಿತು.

ಅವನ ಹೆಸರು ಲಕ್ಷ್ಮಿಕಾಂತ. ಐವತ್ತರ ಆಸುಪಾಸು, ಕೊರಳಿಗೆ ಟವೆಲ್ಲು, ಬಾಯಲ್ಲಿ ಅಡಿಕೆ ಚೂರು. "ಬರ್ರಿ ಮೇಡಂ. ಎಲ್ಲಿಂದ?" "ಶಹಾಪುರ." "ಶಹಾಪುರದಾಗ ಯಾರ ಪೈಕಿ?" ಈ ಪ್ರಶ್ನೆಗೂ ಅವಳಲ್ಲಿ ಉತ್ತರ ಸಿದ್ಧವಿತ್ತು. ತರಗತಿಯಲ್ಲಿ ಮಕ್ಕಳಿಗೆ ಹೇಳಿಕೊಟ್ಟದ್ದೇ, ತಲೆ ಎತ್ತಿ ಹೇಳಬೇಕಾದದ್ದು. ಆದರೆ ಬಾಯಿಗೆ ಬಂದದ್ದು, "ನಾನು ಟೀಚರ್ರಿ. ಇತಿಹಾಸ ಹೇಳತೀನಿ, ಅದಕ್ಕ ನೋಡಾಕ ಬಂದೀನಿ." ಅವನು ಆಗಲಿ ಅಂದ. ಲಾಲಮ್ಮ ಅಷ್ಟರಲ್ಲಿ ಮೆಟ್ಟಿಲ ಹತ್ತಿರವೂ ಬಾರದೆ ಕಟ್ಟೆಯ ನೆರಳಿನಲ್ಲಿ ನೆಲಕ್ಕೆ ಕೂತು ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಳು. ಲಕ್ಷ್ಮಿಕಾಂತ ಅತ್ತ ಗದ್ದ ಎತ್ತಿ, "ಆ ಅಮ್ಮ ನಿಮ್ಮ ಮನಿ ಕೆಲಸದಾಕಿ ಏನ್ರಿ? ಅಲ್ಲೇ ಕೂಡಲಿ, ತಂಪ ಅದ" ಎಂದ. ಪಂಚಶೀಲಾ "ಹ್ಞೂಂ, ಕೂಡಲಿ" ಎಂದಳು. ಎರಡು ಮಾತು. ಅವು ಬಾಯಿಂದ ಹೊರಬಿದ್ದ ಕೂಡಲೇ ಎಳೆದುಕೊಳ್ಳಬಹುದಿತ್ತು. ಅವನು ಬಾಗಿಲ ಕಡೆ ತಿರುಗಿದ, ಅವಳು ಹಿಂದೆಯೇ ಹೋದಳು. ಲಾಲಮ್ಮನಿಗೆ ಕೇಳಿಸಿತೋ ಇಲ್ಲವೋ ಎಂದು ತಿರುಗಿ ನೋಡಲಿಲ್ಲ. ನೋಡದಿದ್ದರೆ ಕೇಳಿಸಿಲ್ಲ ಎಂದುಕೊಳ್ಳಬಹುದು.

ಮೊದಲ ಕೋಣೆ ದಿವಾನಖಾನೆ. ಒಳಗೆ ಹಳೆಯ ಬಟ್ಟೆಯ, ಡಾಂಬರು ಗುಳಿಗೆಯ ವಾಸನೆ. ಗೋಡೆಯ ತುಂಬ ಕೊಂಬುಗಳು, ಹುಲ್ಲೆಯವು, ತಿರುಚಿದವು, ಒಂದಕ್ಕೊಂದು ತಾಗುವಷ್ಟು ಹತ್ತಿರ. ಕೆಂಪು ಮಖಮಲ್ಲಿನ ಸೋಫಾಗಳು, ನಡುವೆ ಅಮೃತಶಿಲೆಯ ಮೇಜು, ಅದರ ಮೇಲೆ ಬೆಳ್ಳಿಯ ಪಾನದಾನ. ಲಕ್ಷ್ಮಿಕಾಂತ ಒಂದೊಂದಕ್ಕೂ ಬೆರಳು ತೋರಿಸಿ, ಇದು ಕಲಕತ್ತಾದ್ದು, ಇದು ಬೆಲ್ಜಿಯಂ ಕನ್ನಡಿ, ಇದನ್ನು ಮುಟ್ಟಬ್ಯಾಡ್ರಿ, ಎಂದು ಹೇಳುತ್ತ ಹೋದ. ಕನ್ನಡಿಯ ಪಾದರಸ ಅಲ್ಲಲ್ಲಿ ಕಿತ್ತುಹೋಗಿತ್ತು. ಅದರಲ್ಲಿ ಅವಳು ತನ್ನನ್ನು ನೋಡಿಕೊಂಡಳು, ಕೆನ್ನೆಯ ಜಾಗದಲ್ಲಿ ಕಂದು ಕಲೆ. ಕೆಲಸದಾಕಿ. ಚಿಕ್ಕವಳಿದ್ದಾಗ ಜ್ವರ ಬಂದರೆ ಲಾಲಮ್ಮ ಅವಳನ್ನು ಬೆನ್ನ ಮೇಲೆ ಹಾಕಿಕೊಂಡು ಸರಕಾರಿ ದವಾಖಾನೆಯ ತನಕ ನಡೆಯುತ್ತಿದ್ದಳು. ದಾರಿಯಲ್ಲಿ ಸುಮ್ಮನಿರಿಸಲು ಇದೇ ಮಹಲಿನ ಕಥೆ ಹೇಳುತ್ತಿದ್ದಳು, ಕುದುರೆ ಲಾಯದ ಲದ್ದಿ ಬಳಿದದ್ದು, ಅಂಗಳ ಗುಡಿಸಿದ್ದು. ಒಳಗಿನ ಕಥೆಯನ್ನು ಮಾತ್ರ ಒಮ್ಮೆಯೂ ಹೇಳಿರಲಿಲ್ಲ. ಒಳಗೆ ಬಂದಿದ್ದರಲ್ಲವೇ ಹೇಳಲಿಕ್ಕೆ.

ಊಟದ ಕೋಣೆಯಲ್ಲಿ ಉದ್ದದ ಮೇಜಿಗೆ ತಟ್ಟೆಗಳನ್ನು ಇಟ್ಟಿದ್ದರು, ಈಗಲೇ ಯಾರೋ ಬರುವವರಿದ್ದಾರೆ ಎಂಬಂತೆ. ತಟ್ಟೆಗಳ ಮೇಲೆ ತೆಳ್ಳಗೆ ಧೂಳು. ಮಲಗುವ ಕೋಣೆಯಲ್ಲಿ ಸೊಳ್ಳೆಪರದೆ ಕಟ್ಟಿದ ಮಂಚ, ಮಂಚಕ್ಕೆ ಏರಲು ಎರಡು ಮೆಟ್ಟಿಲ ಸ್ಟೂಲು. ಪಕ್ಕದಲ್ಲಿ ಸಿಂಹದ ಪಾದಗಳಿದ್ದ ಸ್ನಾನದ ತೊಟ್ಟಿ. "ಇದರಾಗ ನೀರು ಹೊರಗಿಂದ ಹಾಕತಿದ್ರು. ಗ್ವಾಡಿಗೆ ತೂತು ಅದ ನೋಡ್ರಿ. ನೀರು ಹಾಕೋರು ಒಳಗ ಬರೂ ಜರೂರತ್ತ ಇರಲಿಲ್ಲ" ಎಂದು ಲಕ್ಷ್ಮಿಕಾಂತ ಮೆಚ್ಚುಗೆಯಿಂದ ಹೇಳಿದ. ಅವಳು ಬಗ್ಗಿ ತೂತಿನಲ್ಲಿ ಕಣ್ಣಿಟ್ಟಳು. ಹೊರಗಿನ ಕಟ್ಟೆ ಕಂಡಿತು, ಬಿಸಿಲು ಕಂಡಿತು, ಲಾಲಮ್ಮನ ಒಂದು ಮೊಳಕಾಲು ಕಂಡಿತು. ನೆರಳು ಸರಿದು ಮೊಳಕಾಲಿನ ಮೇಲೆ ಬಿಸಿಲು ಬಿದ್ದಿತ್ತು. ಅವಳು ಅದನ್ನು ಸರಿಸಿಕೊಂಡಿರಲಿಲ್ಲ. ನಿದ್ದೆ ಹತ್ತಿರಬಹುದು. "ಬೇಟೆದ್ದು ಫೋಟೊ ಅವ ಅಂತಲ್ರಿ?" ಎಂದಳು ಪಂಚಶೀಲಾ, ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. "ಮ್ಯಾಲ ಅವ. ಮೊದಲ ಬಂದೂಕು ನೋಡೂಣು?" "ಬಂದೂಕು ಬ್ಯಾಡ್ರಿ. ಫೋಟೊ."

ಮೇಲಿನ ಕೋಣೆಯಲ್ಲಿ ಬೆತ್ತದ ಆರಾಮ ಕುರ್ಚಿಗಳು ಸಾಲಾಗಿದ್ದವು. ಅವುಗಳ ಹಿಂದಿನ ಗೋಡೆಗೆ, ಗೆದ್ದಲು ಹಿಡಿದ ಚೌಕಟ್ಟಿನಲ್ಲಿ ಆ ಫೋಟೊ. ಅದರಲ್ಲಿ ಸಂಜೆಯ ಬೆಳಕು. ಕುರ್ಚಿಗಳ ಮೇಲೆ ದೊರೆ ಮತ್ತು ಅವನ ಪರಿವಾರ, ಮೀಸೆ, ಬೂಟು, ತೊಡೆಯ ಮೇಲೆ ಬಂದೂಕು. ಅವರ ಪಾದದ ಹತ್ತಿರ ಚಿರತೆ, ತಲೆ ಕೆಳಗೆ ಕಲ್ಲಿಟ್ಟು ಮುಖ ಕ್ಯಾಮರಾಕ್ಕೆ ಕಾಣುವ ಹಾಗೆ ಎತ್ತಿದ್ದರು. ಚಿರತೆಯ ಎರಡೂ ಬದಿಗೆ ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಹಲಗೆಯವರು. ಪಂಚಶೀಲಾ ಹತ್ತಿರ ಹೋದಳು. ಮೊದಲಿಂದ ಕೊನೆಯ ತನಕ ನೋಡಿದಳು, ಮತ್ತೆ ಕೊನೆಯಿಂದ ಮೊದಲಿನ ತನಕ. ಎಲ್ಲರೂ ತಲೆ ಬಗ್ಗಿಸಿದ್ದರು. ರುಮಾಲುಗಳು ಕಾಣುತ್ತಿದ್ದವು, ಬೆನ್ನುಹುರಿಯ ಗಂಟುಗಳು ಕಾಣುತ್ತಿದ್ದವು. ಸತ್ತ ಚಿರತೆಗೆ ಮುಖವಿತ್ತು. ಇವರಿಗೆ ಇರಲಿಲ್ಲ. "ದೊರಿ ಮುಂದ ತಲಿ ಎತ್ತೂ ರಿವಾಜ ಇರಲಿಲ್ರಿ ಆವಾಗ" ಎಂದ ಲಕ್ಷ್ಮಿಕಾಂತ. ಒಬ್ಬನದು ಮಾತ್ರ ಬೇರೆ. ಎಡಗಡೆಯ ತುದಿಯವನು. ಅವನ ರುಮಾಲಿನ ಕೆಳಗೆ ಬಿಳಿಯ, ಉದ್ದನೆಯ ಒಂದು ಮಬ್ಬು. ಫೋಟೊ ತೆಗೆಯುವ ಗಳಿಗೆಯಲ್ಲಿ ಅವನು ತಲೆ ಎತ್ತಿದ್ದ. ಎತ್ತಿದ್ದರಿಂದ ಮುಖ ಅಳಿಸಿಹೋಗಿತ್ತು.

ಅವಳು ಅಲ್ಲಿಯೇ ನಿಂತಳು. ಇವನೇ ಎಂದು ಅನ್ನಿಸಿತು, ಅನ್ನಿಸಿದ್ದನ್ನು ನಂಬಲಿಲ್ಲ. ತನಗೆ ಬೇಕಾದ್ದನ್ನು ತಾನು ನೋಡುತ್ತಿದ್ದೇನೆ. ಹೇಳಬಲ್ಲವಳು ಕೆಳಗೆ ಬಿಸಿಲಿನಲ್ಲಿ ಕೂತಿದ್ದಾಳೆ, ಕೆಲಸದವಳಾಗಿ. ಈಗ ಅವಳನ್ನು ಮೇಲೆ ಕರೆಯಬೇಕಾದರೆ ಇವನಿಗೆ ಏನಾದರೂ ಹೇಳಬೇಕು. ಆಕಿಗೂ ತೋರಿಸೂಣು, ಪಾಪ, ಎನ್ನಬಹುದು. ಆ ಮಾತೂ ನಾಲಿಗೆಯ ಮೇಲೆ ಬಂದು ನಿಂತಿತ್ತು, ಸಲೀಸಾಗಿ. ಅದು ಅಷ್ಟು ಸಲೀಸಾಗಿ ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. "ಅಣ್ಣಾರ," ಎಂದಳು, "ಕೆಳಗ ಕೂತಾಕಿ ನಮ್ಮ ಮನಿ ಕೆಲಸದಾಕಿ ಅಲ್ಲ. ನಮ್ಮ ಆಯಿ. ಈ ಕೆಳಗ ಕೂತೋರೊಳಗ ಒಬ್ಬಾಂವ ನಮ್ಮ ಮುತ್ಯಾ. ನೀವು ಯಾರ ಪೈಕಿ ಅಂತ ಕೇಳಿದ್ರಲ್ಲ, ಈ ಪೈಕಿ." ಲಕ್ಷ್ಮಿಕಾಂತ ಫೋಟೊ ನೋಡಿದ, ಅವಳನ್ನು ನೋಡಿದ, ಈಗ ಮೊದಲ ಸಲ ಅವಳ ಚಪ್ಪಲಿಯನ್ನೂ ನೋಡಿದ. ಅಡಿಕೆ ಅಗಿಯುವುದು ನಿಂತಿತ್ತು. "ಮತ್ತ ಆವಾಗ್ಯಾಕ ಹ್ಞೂಂ ಅಂದ್ರಿ?" ಎಂದ. ಅವನು ಅಷ್ಟಕ್ಕೇ ಬಿಡಲಿಲ್ಲ: "ನಾ ಏನ ಕೇಳಬಾರದ್ದು ಕೇಳಿದ್ನೇನು? ಕೇಳಿದ್ದು ನಾನು, ಖರೆ. ಹೇಳಿದ್ದು ನೀವು."

ಕೆಳಗಿಳಿದಾಗ ಲಾಲಮ್ಮ ಎಚ್ಚರವಾಗಿಯೇ ಇದ್ದಳು. ಬಾ ಎಂದರೆ ಎದ್ದು ಮಹಲಿನ ಬಗಲಿಗೆ ಹೊರಟಳು. "ಹಿಂದಿನ ಬಾಗಲ ಅದಲ್ಲ, ಅಲ್ಲಿಂದ ಬರ್ತೀನಿ." "ಆಯಿ, ಮುಂದಿಂದ." "ಹಿಂದಿಂದ ಸಮೀಪ ಆಗ್ತದ." "ಮುಂದಿಂದ ಬರ್ತಿ ಅಂದ್ರ ಬಾ, ಇಲ್ಲಂದ್ರ ಮನಿಗೆ ಹೋಗೂಣು" ಎಂದಳು ಪಂಚಶೀಲಾ, ತರಗತಿಯ ದನಿಯಲ್ಲಿ. ಮುದುಕಿಯನ್ನು ಹೆದರಿಸಿ ಮರ್ಯಾದೆ ಕೊಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಹಿಡಿದಿದ್ದ ಅವಳ ಕೈ ಬಿಡಲಿಲ್ಲ. ಲಾಲಮ್ಮ ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತು, ಸೆರಗಿನಿಂದ ಪಾದದ ಧೂಳು ಒರೆಸಿಕೊಂಡು, ಒಳಗೆ ಕಾಲಿಟ್ಟಳು. ದಿವಾನಖಾನೆಯ ನಡುವೆ ನಿಂತು ಸುತ್ತಲೂ ನೋಡಿದಳು. ಪಂಚಶೀಲಾ ಕಾದಳು, ಕಣ್ಣಲ್ಲಿ ನೀರೋ, ಬೆರಗೋ, ಏನಾದರೊಂದು ಬರಲಿ ಎಂದು. "ಇಷ್ಟ ಏನು?" ಎಂದಳು ಲಾಲಮ್ಮ. "ಇಷ್ಟು ಖುರ್ಚಿ ಯಾಕ? ಇದ್ದಾಂವ ದೊರಿ ಒಬ್ಬ." ಲಕ್ಷ್ಮಿಕಾಂತ ನಕ್ಕುಬಿಟ್ಟ. "ಅದನ್ನ ನಾನೂ ಕೇಳತೀನಿ ಯವ್ವ, ಧೂಳ ಹೊಡಿಯೂಮುಂದ."

ಫೋಟೊದ ಮುಂದೆ ಲಾಲಮ್ಮ ತಡಮಾಡಲಿಲ್ಲ. ಎಡತುದಿಯ ಮಬ್ಬಿನ ಮೇಲೆ ಬೆರಳಿಟ್ಟಳು. "ಇಂವ." "ಹೆಂಗ ಗೊತ್ತಾತು? ಮುಖಾನ ಇಲ್ಲ." "ತಲಿ ಎತ್ತಿದಾಂವ ಇಂವ ಒಬ್ಬನ. ಅವತ್ತು ಮನಿಗೆ ಬಂದು ಹೇಳಿದ್ದ." ಭವನದಲ್ಲಿ ಮೈಕು ಹಿಡಿದು ಹೇಳಬಹುದಾದ ಮಾತು ಆಗಲೇ ಪಂಚಶೀಲಾಳೊಳಗೆ ಕಟ್ಟಿಕೊಳ್ಳುತ್ತಿತ್ತು: ಎಲ್ಲರೂ ಬಾಗಿದಾಗ ಎತ್ತಿದ ಒಂದು ತಲೆ. "ಯಾಕ ಎತ್ತಿದ್ದ ಆಯಿ? ಸಿಟ್ಟಿಗೆ?" "ನೊಣಕ್ಕ." "ಏನು?" "ಚಿರತಿ ಸತ್ತಿತ್ತಲ್ಲ, ನೊಣ ಮುಕುರಿದ್ವು. ಒಂದು ಮೂಗಿನಾಗ ಹೋತಂತ. ಝಾಡಿಸಿ ತಲಿ ಎತ್ತಿದ. ಪಟ ಕೆಡಿಸಿದಿ ಅಂತ ಜಮಾದಾರ ಕಪಾಳಕ್ಕ ಹೊಡದ. ಅಣ್ಣ ಅದನ್ನ ಹೇಳಿ ಹೇಳಿ ನಗ್ತಿದ್ದ." ಲಾಲಮ್ಮ ಕಣ್ಣು ಮುಚ್ಚಿ ತಾನೂ ನಕ್ಕಳು, ಹಲ್ಲಿಲ್ಲದ ಬಾಯಿ ತೆರೆದು, ಯಾರನ್ನೋ ಎದುರಿಗೆ ಇಟ್ಟುಕೊಂಡು ನಗುವವರ ಹಾಗೆ. ಪಂಚಶೀಲಾ ನಗಲಿಲ್ಲ. ಮೊಬೈಲು ತೆಗೆದಳು. "ಫೋಟೊ ತೆಗಿಯೂ ಹಾಂಗಿಲ್ರಿ" ಎಂದ ಲಕ್ಷ್ಮಿಕಾಂತ. "ನಮ್ಮ ಮುತ್ಯಾ ಅದಾನ. ತಗೀತೀನಿ." ಅವನು ಕಿಟಕಿಯ ಕಡೆ ಹೋಗಿ ಅದರ ಕದವನ್ನು ಸ್ವಲ್ಪ ಮುಚ್ಚಿದ. "ಫೋಟೊದ ಕಾಚಿನ ಮ್ಯಾಲ ಬೆಳಕ ಹೊಡಿತದ. ಈಗ ತಗೀರಿ."

ಹೊರಗೆ ಬಂದಾಗ ಬೇವಿನ ಮರದ ಹಿಂದೆ ಚಪ್ಪಲಿ ಇರಲಿಲ್ಲ. ನಾಯಿ ಒಯ್ದಿತೋ, ಯಾರಾದರೂ ಒಯ್ದರೋ. ಲಾಲಮ್ಮ ಬರಿಗಾಲಿನಲ್ಲಿ ಟಂಟಂ ಹತ್ತಿದಳು. "ಹೊಸವಿದ್ವು" ಎಂದಷ್ಟೇ ಅಂದಳು. ತನ್ನವನ್ನು ಹಾಕಿಕೋ ಎಂದು ಪಂಚಶೀಲಾ ಕೊಟ್ಟರೆ, ದೊಡ್ಡವಾಗುತ್ತವೆ ಎಂದು ಬೇಡವೆಂದಳು. ಬಸ್ಸಿನಲ್ಲಿ ಲಾಲಮ್ಮ ಕಿಟಕಿಯ ಪಕ್ಕ ಕೂತಳು. ಶಹಾಪುರದ ಕಾಲುವೆಯ ಹಸಿರು ಗದ್ದೆಗಳು ಕಾಣತೊಡಗಿದಾಗ ಲಾಲಮ್ಮ ಕಿಟಕಿಯಿಂದ ತಿರುಗದೆ ಕೇಳಿದಳು, "ಅಂವ ಕೇಳಿದಾಗ ಹ್ಞೂಂ ಯಾಕ ಅಂದಿ?" ಕೇಳಿಸಿತ್ತು. ಪಂಚಶೀಲಾ ಎದುರಿನ ಸೀಟಿನ ಕಬ್ಬಿಣ ಹಿಡಿದಳು. "ಬಾಯಿಗೆ ಬಂತು ಆಯಿ." "ನನಗೂ ಹಂಗ," ಎಂದಳು ಲಾಲಮ್ಮ. "ಚಪ್ಪಲಿ ಬಿಡಬಾರದು ಅಂತ ಬಸ್ಸಿನಾಗ ಅನ್ಕೊಂಡ ಬಂದಿದ್ನಿ."

ಮೊಳೆ ಮಾತ್ರ ಖಾಲಿಯೇ ಇತ್ತು. ಮರುವಾರ ಇಬ್ಬರೂ ತೌಫೀಕನ ಸ್ಟುಡಿಯೊದಲ್ಲಿ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕೂತಿದ್ದರು. ಅವನು ಮಬ್ಬನ್ನು ದೊಡ್ಡದು ಮಾಡಿ ನೋಡಿ ತಲೆ ಕೆರೆದುಕೊಂಡ. "ಇದರಾಗ ಮುಖ ಇಲ್ರಿ ಮೇಡಂ. ಹರಕತ್ತಿಲ್ಲ, ಈಗ ಕಂಪ್ಯೂಟರ ತಾನ ಮಾಡತದ." ಅದು ಒಂದು ನಿಮಿಷದಲ್ಲಿ ಒಂದು ಮುಖ ಮಾಡಿಕೊಟ್ಟಿತು. ಬೆಳ್ಳಗೆ, ಚೂಪು ಮೂಗಿನ, ಸಾಬೂನಿನ ಜಾಹೀರಾತಿನವನಂಥ ಮುಖ. "ಇಂವ ಯಾರು?" ಎಂದಳು ಲಾಲಮ್ಮ, ಸೆರಗು ಬಾಯಿಗೆ ಹಿಡಿದು ನಕ್ಕಳು. ಬಣ್ಣ ಕಪ್ಪು ಮಾಡು ಎಂದಳು ಪಂಚಶೀಲಾ. ಮಾಡಿದ. ಮೂಗು ಹಿಂಗಿಲ್ಲ, ಅಗಲ ಇತ್ತು ಎಂದಳು ಲಾಲಮ್ಮ. ಅಗಲ ಮಾಡಿದ. ಗದ್ದ? ಕಿವಿ? ಹುಬ್ಬು ಕೂಡಿದ್ವೋ ಇಲ್ಲೋ? ಮೊದಮೊದಲು ಲಾಲಮ್ಮ ಕಣ್ಣು ಮುಚ್ಚಿ, ಒಳಗೇ ನೋಡಿ, ತೆರೆದು, ಪಟಪಟನೆ ಹೇಳುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿದರೆ ತೆರೆಯಲು ಹೊತ್ತಾಗತೊಡಗಿತು. ಆಮೇಲೆ ಮುಚ್ಚದೆಯೇ ಪರದೆ ನೋಡಿ ಹೇಳತೊಡಗಿದಳು. ಪಂಚಶೀಲಾ ಅದನ್ನು ಕಂಡಳು. ದಣಿದಿದ್ದಾಳೆ ಎಂದುಕೊಂಡಳು. ಚಹಾ ತರಿಸಿದಳು. "ಇನ್ನೊಂದು ಸಲ ನೋಡು ಆಯಿ. ಇಷ್ಟು ಬಂದೀವಿ, ಅರ್ಧಕ್ಕ ಬಿಡೂದು ಬ್ಯಾಡ. ಇದು ಸರಿ ಏನು, ಮೊದಲಿಂದು ಸರಿ ಏನು?" ಲಾಲಮ್ಮ ಅದನ್ನೂ ನೋಡಿದಳು, ಇದನ್ನೂ ನೋಡಿದಳು. "ಹೌದು" ಎಂದಳು. "ಯಾವುದು?" "ಇದು. ಇದ ಇರಬೇಕು." ತೌಫೀಕ ಕೋಟು ತೊಡಿಸಿದ.

ಜಯಂತಿಯ ದಿನ ಭವನದಲ್ಲಿ ಹೂವು, ಮೇಣಬತ್ತಿ, ಹೊರಗೆ ಸ್ಪೀಕರು. ಪಂಚಶೀಲಾ ಖುರ್ಚಿ ಹತ್ತಿ ತಾನೇ ಫೋಟೊ ಹಾಕಿದಳು, ಓರೆಯಾಗದಂತೆ ಎರಡು ಸಲ ಸರಿಮಾಡಿದಳು. "ಈಗ ನೋಡ್ರಿ, ಗ್ವಾಡಿ ತುಂಬಿತು" ಎಂದ ಜೈಭೀಮ, ತಮಾಷೆಯಿಲ್ಲದೆ. ಅಪ್ಪ ಕೈಕಟ್ಟಿಕೊಂಡು ಬಹಳ ಹೊತ್ತು ನೋಡಿದ. "ನನ್ನಂಗ ಇಲ್ಲ" ಎಂದು ಹೇಳಿ ಹೊರಗಿನ ಮಂಟಪದ ಕಡೆ ಹೋದ. ಜನ ಕರಗಿದ ಮೇಲೂ ಲಾಲಮ್ಮ ಗೋಡೆಯ ಕೆಳಗೆ ಕೂತಿದ್ದಳು. ಪಂಚಶೀಲಾ ಎಬ್ಬಿಸಲು ಕೈ ಚಾಚಿದಳು.

"ಪಂಚಿ, ಮೊದಲ ಕಣ್ಣು ಮುಚ್ಚಿದ್ರ ಅಣ್ಣ ಬರ್ತಿದ್ದ. ನೊಣದ ಮಾತು ಹೇಳಿ ನಗ್ತಿದ್ದ. ಈಗ ಮುಚ್ಚಿದ್ರ ಈ ಕೋಟಿನಾಂವ ಬಂದು ನಿಂದರತಾನ. ಇವನ್ನ ಸರಿಸಿ ಹಿಂದ ನೋಡತೀನಿ. ಯಾರೂ ಇಲ್ಲ."

"ತೆಗಸಲೇನು ಆಯಿ, ಫೋಟೊ?"

"ತೆಗದ್ರ ಅಂವ ಬರ್ತಾನೇನು? ಇರಲಿ ಬಿಡು. ಮೊಳಿ ಖಾಲಿ ಕಾಣತದ."

ಪಂಚಶೀಲಾ ಅವಳನ್ನು ಎಬ್ಬಿಸಿ, ಬಾಗಿಲ ಬಳಿ ಬಿಟ್ಟಿದ್ದ ಹಳೆಯ ಚಪ್ಪಲಿಗಳನ್ನು ಅವಳ ಕಾಲ ಮುಂದೆ ಇಟ್ಟಳು. ಮಹಲಿಗೆ ಹೋಗಿ ಬಂದದ್ದರಲ್ಲಿ ಕಳೆದದ್ದು ಒಂದು ಜೋಡಿ ಹೊಸ ಚಪ್ಪಲಿ ಎಂದು ಅವಳು ಈವರೆಗೆ ಲೆಕ್ಕ ಹಿಡಿದಿದ್ದಳು. ಕಳೆದದ್ದು ಒಂದು ಜೋಡಿ ಚಪ್ಪಲಿ, ಒಂದು ಮುಖ.